ಒಂದೇ ಪೈಥಾನ್ ಕೋಡ್: ಫೈಲ್ ಪಟ್ಟಿ ವಿಂಡೋಸ್‌ನಲ್ಲಿ ಕ್ರಮವಾಗಿ ಬರುತ್ತದೆ, ಲಿನಕ್ಸ್‌ನಲ್ಲಿ ಯಾಕಿಲ್ಲ?

ಫೋಲ್ಡರ್‌ನಲ್ಲಿರುವ ಹೆಸರುಗಳ ಪಟ್ಟಿ ಕೊಡುವ ಪೈಥಾನ್‌ನ ಲಿಸ್ಟ್‌ಡಿರ್ (os.listdir) ಯಾವ ಕ್ರಮಕ್ಕೂ ಖಾತ್ರಿ ಕೊಡುವುದಿಲ್ಲ. ಫೈಲ್ ಸಿಸ್ಟಮ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಇಡುವ ವ್ಯವಸ್ಥೆ) ಕೊಟ್ಟಿದ್ದನ್ನು ಹಾಗೇ ದಾಟಿಸುತ್ತದೆ. ವಿಂಡೋಸ್‌ನ ಫೈಲ್ ಸಿಸ್ಟಮ್ ಎನ್‌ಟಿಎಫ್‌ಎಸ್ ಹೆಸರುಗಳನ್ನು ಬಿ-ಟ್ರೀ ಎಂಬ ಅಕ್ಷರಕ್ರಮದ ರಚನೆಯಲ್ಲಿ ಇಡುವುದರಿಂದ ವಿಂಡೋಸ್‌ನಲ್ಲಿ ಪಟ್ಟಿ ಜೋಡಿಸಿದಂತೆ ಕಾಣುತ್ತದೆ. ಲಿನಕ್ಸ್‌ನ ಇಎಕ್ಸ್‌ಟಿ4 ಸಾಮಾನ್ಯವಾಗಿ ಹ್ಯಾಶ್ (ಹೆಸರಿನಿಂದ ಲೆಕ್ಕಹಾಕಿದ ಸಂಖ್ಯೆ) ಕ್ರಮದಲ್ಲಿ ಕೊಡುತ್ತದೆ, ಅದಕ್ಕೇ ಚೆಲ್ಲಾಪಿಲ್ಲಿ. ವಿಂಡೋಸ್‌ಗೇ ಫ್ಯಾಟ್32 ಪೆನ್‌ಡ್ರೈವ್ ಹಾಕಿ ನೋಡಿ, ಅಲ್ಲೂ ಕ್ರಮ ತಪ್ಪಬಹುದು.

ಪರಿಹಾರ: ಓದಿದ ತಕ್ಷಣ ಪಟ್ಟಿಯನ್ನು ಕ್ರಮವಾಗಿ ಜೋಡಿಸುವ ಸಾರ್ಟೆಡ್ (sorted) ಹಾಕಿ. ಆದರೆ ಫೈಲ್ ವಿಳಾಸಗಳಿಗಾಗಿ ಇರುವ ಪೈಥಾನ್ ಲೈಬ್ರರಿ ಪಾಥ್‌ಲಿಬ್‌ನ ಪಾಥ್ ವಸ್ತುಗಳನ್ನು ನೇರವಾಗಿ ಸಾರ್ಟ್ ಮಾಡಬೇಡಿ. ಅವು ವಿಂಡೋಸ್‌ನಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಭೇದ ಮಾಡುವುದಿಲ್ಲ, ಲಿನಕ್ಸ್‌ನಲ್ಲಿ ಮಾಡುತ್ತವೆ. ಮತ್ತೆ ಎರಡು ಫಲಿತಾಂಶ. ಕೀ (ಯಾವುದರ ಮೇಲೆ ಜೋಡಿಸಬೇಕು ಎಂಬುದು) ಆಗಿ ಎರಡು ಅಂಶಗಳ ಟ್ಯೂಪಲ್ (ಜೋಡಿ) ಕೊಡಿ: ಮೊದಲು ಹೆಸರಿನ ಕೇಸ್‌ಫೋಲ್ಡ್ (ಅಕ್ಷರದ ಗಾತ್ರದ ಭೇದ ಅಳಿಸಿದ ರೂಪ), ನಂತರ ಮೂಲ ಹೆಸರು. ಎರಡನೆಯದು ಬಿಟ್ಟರೆ, ಅಕ್ಷರದ ಗಾತ್ರದಲ್ಲಷ್ಟೇ ಬೇರೆಯಾಗಿರುವ ಎರಡು ಫೈಲ್‌ಗಳು ಓದಿದ ಕ್ರಮದಲ್ಲೇ ಉಳಿಯುತ್ತವೆ.

ಕನ್ನಡ ಹೆಸರುಗಳಿದ್ದರೆ ಇನ್ನೊಂದು ತೊಡಕಿದೆ. ‘ಕೊ’ದಲ್ಲಿನ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಹಳೆಯ ಮ್ಯಾಕ್‌ಗಳ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಪ್ಲಸ್ ಒಡೆದೇ ಇಡುತ್ತದೆ. ಕಣ್ಣಿಗೆ ಒಂದೇ, ಹೋಲಿಸಿದರೆ ಬೇರೆ. ಹೋಲಿಕೆಗೆ ಮಾತ್ರ, ಒಡೆದ ಸಂಕೇತಗಳನ್ನು ಕೂಡಿಸಿ ಬರೆಯುವ ಯೂನಿಕೋಡ್ ರೂಪವಾದ ಎನ್‌ಎಫ್‌ಸಿಗೆ (NFC) ಪರಿವರ್ತಿಸಿ. ಫೈಲ್ ತೆರೆಯಲು ಡೈರೆಕ್ಟರಿ ಕೊಟ್ಟ ಮೂಲ ಹೆಸರನ್ನೇ ಬಳಸಿ, ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ‘ಫೈಲ್ ಇಲ್ಲ’ ಎಂಬ ಎರರ್ ಬರಬಹುದು.