ಬಿದ್ದ ನೆನಪು ನಡಿಗೆಯನ್ನು ಕಟ್ಟಿಹಾಕಿದಾಗ

ಪ್ರಶ್ನೆ: ನಮ್ಮ ತಂದೆಯವರಿಗೆ 64 ವರ್ಷ. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ದವು. ಫಿಸಿಯೋಥೆರಪಿಯಿಂದ ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದರು. ಕಳೆದ ತಿಂಗಳು ಬಚ್ಚಲುಮನೆಯ ಬಾಗಿಲಲ್ಲಿ ತಿರುಗುವಾಗ ಬಿದ್ದರು. ಪೆಟ್ಟೇನೂ ಆಗಲಿಲ್ಲ, ಆದರೆ ಅಂದಿನಿಂದ ಯಾರಾದರೂ ಹಿಡಿದುಕೊಳ್ಳದೆ ಹೆಜ್ಜೆಯನ್ನೇ ಇಡುವುದಿಲ್ಲ. ಒತ್ತಾಯಿಸಿ ನಡೆಸಬೇಕೇ, ಅವರಾಗಿಯೇ ಮುಂದಾಗುವವರೆಗೆ ಕಾಯಬೇಕೇ?

ಉತ್ತರ: ಎರಡೂ ಬೇಡ. ಒತ್ತಾಯಿಸಿದರೆ ಭಯ ಇನ್ನಷ್ಟು ಬೇರೂರುತ್ತದೆ; ಕಾಯುತ್ತ ಕುಳಿತರೆ ಈಗಿರುವ ಬಲವೂ ಬಳಕೆಯಿಲ್ಲದೆ ಕುಂದುತ್ತದೆ. ಈ ಭಯವನ್ನು ಹಟವೆಂದೋ ಅಧೈರ್ಯವೆಂದೋ ಎಣಿಸದೆ, ಕೈಕಾಲಿನ ದೌರ್ಬಲ್ಯದಂತೆಯೇ ಚಿಕಿತ್ಸೆ ಬೇಡುವ ತೊಂದರೆಯೆಂದು ಮನೆಯವರೆಲ್ಲ ಒಪ್ಪಿಕೊಳ್ಳಬೇಕು.

ಭಯವು ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ, ನಡಿಗೆಗೂ ಇಳಿಯುತ್ತದೆ. ಬೀಳುತ್ತೇನೆಂದು ಹೆದರಿದವರು ಮೈಯನ್ನು ಬಿಗಿಹಿಡಿದು, ನೆಲವನ್ನೇ ದಿಟ್ಟಿಸುತ್ತ, ಹೆಜ್ಜೆಗಳನ್ನು ಕಿರಿದಾಗಿಸಿ, ಭಾರವನ್ನೆಲ್ಲ ಸರಿಯಿರುವ ಕಾಲಿನ ಮೇಲೆಯೇ ಹಾಕುತ್ತಾರೆ. ಆರೋಗ್ಯವಂತರಿಗೆ ಯೋಚಿಸದೆಯೇ ಆಗುವ ನಡಿಗೆ, ಪಾರ್ಶ್ವವಾಯುವಿನ ನಂತರ ಪ್ರತಿ ಹೆಜ್ಜೆಗೂ ಗಮನ ಬೇಡುವ ಕೆಲಸವಾಗಿರುತ್ತದೆ. ಆ ಗಮನವನ್ನು ಭಯವೇ ನುಂಗಿದರೆ, ಯಾರೋ ಮಾತನಾಡಿಸಿದಷ್ಟಕ್ಕೇ ಸಮತೋಲನ ತಪ್ಪಬಹುದು. ಭಾರ ಹೊರುವ ಅಭ್ಯಾಸ ತಪ್ಪಿದ ಕಾಲಿನಲ್ಲಿ ಸ್ನಾಯು ಸೊರಗುತ್ತದೆ, ಮೂಳೆಯ ಸಾಂದ್ರತೆಯೂ ಇಳಿಯುತ್ತದೆ. ಬೀಳಬಾರದೆಂದು ಕುಳಿತೇ ಇದ್ದವರು ಮುಂದೆ ಬೀಳುವ ಸಂಭವ ಹೆಚ್ಚುವುದು ಹೀಗೆ.

ಆದರೂ ಭಯಕ್ಕೆ ಕಾರಣವೇ ಇಲ್ಲವೆಂದು ಭಾವಿಸಬೇಡಿ. ಮಲಗಿದ್ದವರು ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ, ತಲೆ ಸುತ್ತಿ ಬೀಳುವ ಅಪಾಯ ನಿಜವಾದದ್ದೇ; ಔಷಧಗಳನ್ನು ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ. ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ತಗುಲುತ್ತಿದ್ದರೆ ಕಣಕಾಲಿಗೆ ಆಧಾರಪಟ್ಟಿ ಬೇಕಾಗಬಹುದು. ಎಡಭಾಗ ದುರ್ಬಲವಾದವರಲ್ಲಿ ಕೆಲವರಿಗೆ ತಮ್ಮ ಎಡಗಡೆ ಇರುವ ವಸ್ತುಗಳತ್ತ ಗಮನವೇ ಹರಿಯುವುದಿಲ್ಲ. ಅವರು ಬಾಗಿಲ ಚೌಕಟ್ಟಿಗೇ ತಾಗುತ್ತಾರೆ. ನಿಮ್ಮ ತಂದೆಯವರು ಬಿದ್ದದ್ದು ಬಾಗಿಲಲ್ಲಿ ಆದ್ದರಿಂದ ಇದನ್ನು ಅವಶ್ಯವಾಗಿ ಪರೀಕ್ಷೆ ಮಾಡಿಸಿ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕುಳಿತುಕೊಳ್ಳುವ ಸರಳ ಪರೀಕ್ಷೆಯಲ್ಲಿಯೇ ಅವರು ಎಲ್ಲಿ ತಡವರಿಸುತ್ತಾರೆಂಬುದು ಫಿಸಿಯೋಥೆರಪಿಸ್ಟರಿಗೆ ಕಾಣುತ್ತದೆ.

ಇಷ್ಟಾದ ಮೇಲೆ ಅಭ್ಯಾಸದ ಮಾತು. ‘ಭಯವಾಗುತ್ತದೆಯೇ’ ಎಂದು ಒಟ್ಟಾಗಿ ಕೇಳದೆ, ಹಾಸಿಗೆಯಿಂದ ಏಳುವುದು, ಹೊಸ್ತಿಲು ದಾಟುವುದು, ಸ್ನಾನ ಮಾಡುವುದು ಎಂದು ಒಂದೊಂದಕ್ಕೂ ಎಷ್ಟು ಧೈರ್ಯವಿದೆಯೆಂದು ಹತ್ತರಲ್ಲಿ ಅಂಕ ಕೊಡಲು ಹೇಳಿ. ಆರೋ ಏಳೋ ಸಿಕ್ಕ ಕೆಲಸದಿಂದ ಆರಂಭಿಸಿ. ಸುಲಭವಾದುದರಿಂದ ಧೈರ್ಯ ಬೆಳೆಯದು, ತೀರ ಕಷ್ಟವಾದುದು ಇರುವ ಧೈರ್ಯವನ್ನೂ ಕೆಡಿಸುತ್ತದೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು, ಮನೆಯವರು ಕೇಳಲೂ ಅಂಜುವ ಒಂದು ಪಾಠ: ನೆಲದಿಂದ ಏಳುವುದು. ತಜ್ಞರ ಸಮ್ಮುಖದಲ್ಲಿ ಚಾಪೆಯ ಮೇಲೆ ಕುಳಿತು, ಸರಿಯಿರುವ ಕಡೆಗೆ ಹೊರಳಿ, ಮಂಡಿಯೂರಿ, ಗಟ್ಟಿಯಾದ ಕುರ್ಚಿಯನ್ನು ಆಧರಿಸಿ ಏಳಲು ಕಲಿತವರಿಗೆ, ಬಿದ್ದರೆ ಎಲ್ಲವೂ ಮುಗಿಯಿತೆಂಬ ಭೀತಿಯ ಅರ್ಧಭಾಗ ಅಲ್ಲಿಯೇ ಕಳೆಯುತ್ತದೆ.

ಕೈ ಹಿಡಿಯುವ ವಿಷಯದಲ್ಲಿ ಎಚ್ಚರಿಕೆಯಿರಲಿ. ಎಡಗೈಯನ್ನು ಹಿಡಿದೆಳೆದರೆ ದುರ್ಬಲವಾದ ಭುಜದ ಕೀಲು ಜಾರಬಹುದು. ಕೋಲು ಅವರ ಬಲಗೈಯಲ್ಲಿರಲಿ, ನೀವು ಎಡಗಡೆ ಸ್ವಲ್ಪ ಹಿಂದೆ ನಿಂತು, ಮುಟ್ಟದಿದ್ದರೂ ಕ್ಷಣದಲ್ಲಿ ಸೊಂಟವನ್ನು ಆಧರಿಸುವಷ್ಟು ಹತ್ತಿರವಿರಿ. ದಿನಗಳೆದಂತೆ ಆ ಅಂತರ ಹೆಚ್ಚಲಿ. ಮತ್ತೆ ಬಿದ್ದು ತಲೆಗೆ ಪೆಟ್ಟಾದರೆ, ಅದರಲ್ಲಿಯೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುತ್ತಿದ್ದರೆ, ಮೇಲ್ನೋಟಕ್ಕೆ ಚೆನ್ನಾಗಿಯೇ ಇದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ನಿದ್ರೆ, ಊಟ, ಮಾತು ಎಲ್ಲದರಲ್ಲಿಯೂ ಆಸಕ್ತಿ ಕಳೆದುಕೊಂಡಿದ್ದರೆ ಖಿನ್ನತೆಯೂ ಇರಬಹುದು. ಅದಕ್ಕೆ ಪ್ರತ್ಯೇಕ ಚಿಕಿತ್ಸೆಯಿದೆ.

ಬಚ್ಚಲುಮನೆಯ ಬಾಗಿಲನ್ನು ಕೊನೆಗೆ ಇಟ್ಟುಕೊಳ್ಳಿ. ಅಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ, ನೆಲ ಒಣಗಿರುವ ಹೊತ್ತಿನಲ್ಲಿ, ಒಂದೇ ಕಾಲಿನ ಮೇಲೆ ಗಿರ್ರನೆ ತಿರುಗದೆ ನಾಲ್ಕೈದು ಪುಟ್ಟ ಹೆಜ್ಜೆಗಳಲ್ಲಿ ಬಳಸಿ ತಿರುಗುವುದನ್ನು ಅಭ್ಯಾಸ ಮಾಡಿಸಿ.