ಮಾರ್ಟಿನ್ ಬಾರ್ ಇಲ್ಲದ ಜೆಥ್ರೊ ಟಲ್ ತಂಡವನ್ನು ಜೆಥ್ರೊ ಟಲ್ ಎನ್ನಬಹುದೇ? ‘ಕ್ಯೂರಿಯಸ್ ರೂಮಿನಂಟ್’ ಆಲ್ಬಮ್ ಕೇಳುವಂತಿದೆಯೇ?

ನೀವು ಕೇಳಿರುವುದು ಎರಡು ವಿಷಯ. 2025ರ ಮಾರ್ಚ್ 7ರಂದು ಬಂದ ‘ಕ್ಯೂರಿಯಸ್ ರೂಮಿನಂಟ್’ ಆಲ್ಬಮ್ಮನ್ನು, ಬ್ರಿಟನ್ನಿನ ರಾಕ್ ತಂಡ ಜೆಥ್ರೊ ಟಲ್‌ನ ಎರಡು ಮೂರು ಹಳೆಯ ಹಾಡುಗಳನ್ನಷ್ಟೇ ಬಲ್ಲ ನಿಮ್ಮಂಥವರು ಕೇಳಬಹುದೇ ಎಂಬುದು ಒಂದು. ಗಿಟಾರಿಸ್ಟ್ ಮಾರ್ಟಿನ್ ಬಾರ್ ಹೋಗಿ, ಹಳಬರಲ್ಲಿ ಹಾಡುಗಾರ, ಕೊಳಲುವಾದಕ ಇಯಾನ್ ಆಂಡರ್ಸನ್ ಒಬ್ಬರೇ ಉಳಿದಿರುವ ಈ ತಂಡಕ್ಕೆ ಹಳೆಯ ಹೆಸರು ಸಲ್ಲುತ್ತದೆಯೇ ಎಂಬ, ಅಭಿಮಾನಿಗಳ ನಡುವೆ ಹತ್ತು ವರ್ಷ ಕಳೆದರೂ ಮುಗಿಯದ ಜಗಳ ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಚಿಕ್ಕದು: ಧಾರಾಳವಾಗಿ ಕೇಳಿ, ಆದರೆ 1971ರ ಕಂಠವನ್ನು ಹುಡುಕಿಕೊಂಡು ಹೋಗಬೇಡಿ. ಎರಡನೆಯದಕ್ಕೆ ಸ್ವಲ್ಪ ಸುತ್ತಿ ಬರಬೇಕಾಗುತ್ತದೆ.

ನನ್ನ ಊರು ಕೊಡಗಿನ ಸಿದ್ದಾಪುರದ ಕಡೆ. ಸೇನೆಯಲ್ಲಿದ್ದ ಚಿಕ್ಕಪ್ಪ ಒಮ್ಮೆ ರಜೆಗೆ ಬಂದಾಗ ಬಿಟ್ಟುಹೋದ, 1971ರ ‘ಆಕ್ವಾಲಂಗ್’ ಆಲ್ಬಮ್ಮಿನ ಕ್ಯಾಸೆಟ್ಟೇ ನನಗೆ ಈ ತಂಡದ ಮೊದಲ ಪರಿಚಯ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿ, ಬೆಲ್ಟು, ಪುಸ್ತಕಗಳ ಜೊತೆ ಕ್ಯಾಸೆಟ್ಟಿಗೂ ಬೂಷ್ಟು ಹಿಡಿಯುತ್ತದೆ. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡರೆ ಐದು ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಟೇಪಿಗೆ ತಾಗಿಸಿ ಹಿಡಿದು, ಪೆನ್ಸಿಲ್ ತೂರಿಸಿ ಸುರುಳಿಯನ್ನು ಈ ಕಡೆಯಿಂದ ಆ ಕಡೆಗೆ ಸುತ್ತಬೇಕು. ಹಾಗೆ ಸುತ್ತಿದ ಮೇಲೂ ಮೊದಲ ಹಾಡಿನ ಆರು ಸ್ವರಗಳ ಆ ಗಿಟಾರ್ ತುಣುಕು ಕಂಬಳಿಯೊಳಗಿಂದ ಬಂದಂತೆ ಕೇಳಿಸಿ, ಬಳಿಕ ಒಮ್ಮೆಲೇ ತೆರೆದುಕೊಳ್ಳುತ್ತಿತ್ತು. ಮುಂದೆ ಸಿಡಿಯಲ್ಲಿ ಅದೇ ಹಾಡನ್ನು ಕೇಳಿದಾಗ ಆರಂಭವೇ ಸ್ಪಷ್ಟವಾಗಿರುವುದು ನನಗೆ ಏನೋ ಕೊರತೆಯಂತೆ ಕಂಡಿತ್ತು. ಆದ್ದರಿಂದ ನಾನು ನಿಷ್ಪಕ್ಷಪಾತಿಯಲ್ಲ. ಮಾರ್ಟಿನ್ ಬಾರ್ ಅವರ ಆ ಗಿಟಾರಿನ ಮೇಲೆ ನನಗಿರುವ ಮಮತೆಯನ್ನು ಲೆಕ್ಕದಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಹೆಸರಿನ ಜಗಳವಾದ್ದರಿಂದ ಹೆಸರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಜೆಥ್ರೊ ಟಲ್ ಎಂಬವನು ತಂಡದ ಸದಸ್ಯನಲ್ಲ; 18ನೇ ಶತಮಾನದ ಇಂಗ್ಲೆಂಡಿನ ಕೃಷಿಕ, ಸಾಲಿನಲ್ಲಿ ಬೀಜ ಬಿತ್ತುವ ಯಂತ್ರವನ್ನು ಮಾಡಿ ಹೆಸರಾದವನು. ಬಯಲುಸೀಮೆಯ ಓದುಗರಿಗೆ ‘ಕೂರಿಗೆ’ ಎಂದರೆ ಸಾಕು, ವಿವರಿಸಬೇಕಾಗಿಲ್ಲ. (ನಮ್ಮ ಕೆಸರು ಗದ್ದೆಗಳಲ್ಲಿ ಅದು ನಡೆಯುವುದಿಲ್ಲ, ಇಲ್ಲಿ ನಾಟಿಯೇ ಗತಿ.) ಆರಂಭದ ದಿನಗಳಲ್ಲಿ ಒಮ್ಮೆ ನುಡಿಸಿದ ಕ್ಲಬ್ಬಿಗೆ ಮತ್ತೆ ಕರೆಸಿಕೊಳ್ಳುವುದಕ್ಕಾಗಿ ಈ ಹುಡುಗರು ಮೇಲಿಂದ ಮೇಲೆ ಹೆಸರು ಬದಲಿಸುತ್ತಿದ್ದರು. ಕಾರ್ಯಕ್ರಮ ಗೊತ್ತುಪಡಿಸುವ ಏಜೆಂಟರ ಕಚೇರಿಯಲ್ಲಿ ಯಾರೋ ಕೊಟ್ಟ ಹೆಸರುಗಳಲ್ಲಿ ಇದೂ ಒಂದು. 1968ರ ಆರಂಭದಲ್ಲಿ ಈ ಹೆಸರಿನಲ್ಲಿದ್ದಾಗ ಲಂಡನ್ನಿನ ಮಾರ್ಕೀ ಕ್ಲಬ್ಬಿನವರು ಮೆಚ್ಚಿ ಮತ್ತೆ ಕರೆದದ್ದರಿಂದ ಹೆಸರು ಅಂಟಿಕೊಂಡಿತು. ಇಂದು ಅಭಿಮಾನಿಗಳು ಇಷ್ಟು ಪವಿತ್ರವಾಗಿ ಕಾಯುತ್ತಿರುವ ಹೆಸರು ಹೀಗೆ ಬಂದದ್ದು.

ಈಗ ಆಲ್ಬಮ್. ‘ರೂಮಿನಂಟ್’ ಎಂದರೆ ಮೆಲುಕು ಹಾಕುವ ಪ್ರಾಣಿ. ಇಂಗ್ಲಿಷಿನಲ್ಲಿ ಆಂಡರ್ಸನ್ ಮಾಡಿರುವ ಶ್ಲೇಷೆ ಕನ್ನಡದಲ್ಲಿ ಏನೂ ಪ್ರಯಾಸವಿಲ್ಲದೆ ಕೂರುತ್ತದೆ, ಏಕೆಂದರೆ ನಾವೂ ಹುಲ್ಲನ್ನು ಮೆಲುಕು ಹಾಕುವ ಹಸುವಿಗೂ ಹಳೆಯ ದಿನಗಳನ್ನು ಮೆಲುಕು ಹಾಕುವ ಮುದುಕನಿಗೂ ಒಂದೇ ಮಾತನ್ನು ಬಳಸುತ್ತೇವೆ. 1947ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಹುಟ್ಟಿದ ಆಂಡರ್ಸನ್‌ಗೆ ಈ ಆಲ್ಬಮ್ ಬಂದಾಗ 77 ವರ್ಷ. ಇದಕ್ಕೆ ಹಿಂದಿನ ಎರಡರಲ್ಲಿ, 2022ರ ‘ದಿ ಝೀಲಟ್ ಜೀನ್’ ಬೈಬಲ್ಲಿನ ವಚನಗಳನ್ನೂ 2023ರ ‘ರಾಕ್‌ಫ್ಲೋಟ’ ಉತ್ತರ ಯುರೋಪಿನ ಹಳೆಯ ದೇವತೆಗಳನ್ನೂ ಆಧರಿಸಿದ್ದವು. ಎರಡರಲ್ಲೂ ಮೇಷ್ಟರು ಪಾಠದ ಯೋಜನೆ ಹಾಕಿಕೊಂಡು ತರಗತಿಗೆ ಬಂದಂತಹ ಅಚ್ಚುಕಟ್ಟುತನವಿದೆ, ನನಗದು ಅಷ್ಟಾಗಿ ರುಚಿಸಲಿಲ್ಲ. ಹೊಸ ಆಲ್ಬಮ್ಮಿನ ಒಂಬತ್ತು ಹಾಡುಗಳಿಗೆ ಅಂಥ ಒಂದೇ ವಿಷಯದ ಕಟ್ಟಿಲ್ಲ. ಜೆರುಸಲೇಮಿನಿಂದ ಹಿಡಿದು ಮ್ಯಾಕ್‌ಬೆತ್ ನಾಟಕದಲ್ಲಿ ಬರುವ ಡನ್ಸಿನೇನ್ ಗುಡ್ಡದವರೆಗೆ ಅವರು ಮನಸ್ಸು ಹೋದ ಕಡೆ ಹೋಗುತ್ತಾರೆ, ‘ನಾನು’ ಎಂದು ಹೇಳಲು ಹಿಂಜರಿಯುವುದಿಲ್ಲ.

ಕಂಠದ ವಿಷಯವನ್ನು ಮುಚ್ಚಿಡಲು ಆಗುವುದಿಲ್ಲ. 1984ರ ಪ್ರವಾಸದ ಹೊತ್ತಿಗೇ ಆಂಡರ್ಸನ್ ಅವರ ಗಂಟಲಿಗೆ ಏಟು ಬಿದ್ದಿತ್ತು. ತಮಗೆ ವಾಸಿಯಾಗದ ಶ್ವಾಸಕೋಶದ ಕಾಯಿಲೆ ಇದೆಯೆಂದು 2020ರಲ್ಲಿ ಅವರೇ ಹೇಳಿಕೊಂಡರು. ಹೊಸ ಆಲ್ಬಮ್ಮಿನಲ್ಲಿ ಅವರು ಎತ್ತರದ ಸ್ಥಾಯಿಗೆ ಹೋಗುವ ಸಾಹಸ ಮಾಡುವುದಿಲ್ಲ. ಸಾಲುಗಳನ್ನು ತುಂಡು ಮಾಡಿಕೊಂಡು, ಅರ್ಧ ಹಾಡಿ ಅರ್ಧ ಹೇಳಿ, ಉಸಿರು ಬೇಕಾದ ಕಡೆ ಕೊಳಲಿಗೆ ಬಿಟ್ಟುಕೊಡುತ್ತಾರೆ. ಕೊಳಲಿಗೂ ಉಸಿರೇ ಬೇಕಲ್ಲ ಎಂದು ನೀವು ಕೇಳಬಹುದು, ನನಗೂ ಅದೇ ಆಶ್ಚರ್ಯ. ಕಂಠ ಸೋತಿದ್ದರೂ ಕೊಳಲು ಸೋತಿಲ್ಲ, ಬದಲಿಗೆ ಮೊದಲಿಗಿಂತ ಶುದ್ಧವಾಗಿದೆ.

ಅದಕ್ಕೊಂದು ಹಿನ್ನೆಲೆಯಿದೆ. ಹೆಸರಾಂತ ಗಿಟಾರಿಸ್ಟ್ ಎರಿಕ್ ಕ್ಲ್ಯಾಪ್ಟನ್‌ರಷ್ಟು ಚೆನ್ನಾಗಿ ಎಂದೂ ನುಡಿಸಲಾರೆ ಎನ್ನಿಸಿದ್ದರಿಂದ 1967ರಲ್ಲಿ ಗಿಟಾರನ್ನು ಕೊಟ್ಟು ಲೋಹದ ಕೊಳಲನ್ನು ತೆಗೆದುಕೊಂಡ ಹುಡುಗ ಆಂಡರ್ಸನ್. ಯಾರ ಬಳಿಯೂ ಕಲಿಯಲಿಲ್ಲ. ಕೆಲವು ಸ್ವರಗಳಿಗೆ ತಾನು ಇಡುತ್ತಿರುವ ಬೆರಳು ತಪ್ಪು ಎಂಬುದು ಅವರಿಗೆ ತಿಳಿದದ್ದು, ಎಷ್ಟೋ ವರ್ಷಗಳ ನಂತರ ಮಗಳು ಶಾಲೆಯಲ್ಲಿ ಕೊಳಲು ಕಲಿಯಲು ತೊಡಗಿದಾಗ. ಅದುವರೆಗೆ ಲಕ್ಷಾಂತರ ಜನರ ಮುಂದೆ ನುಡಿಸಿದ್ದ ಆ ಮನುಷ್ಯ ಕುಳಿತು ಮತ್ತೆ ಮೊದಲಿನಿಂದ ಕಲಿತ. ಅವರ ನುಡಿಸಾಣಿಕೆಯ ವಿಶೇಷವೆಂದರೆ ಊದುತ್ತಲೇ ಗಂಟಲಿನಿಂದ ಗುನುಗುವುದು, ಗುರುಗುಟ್ಟುವುದು; ಜಾಝ್ ವಾದಕ ರೋಲಂಡ್ ಕರ್ಕ್‌ರಿಂದ ಬಂದ ಚಾಳಿ ಅದು. ಬಿದಿರ ಕೊಳಲಿನ ನಾದಕ್ಕೆ ಒಗ್ಗಿದ ನಮ್ಮ ಕಿವಿಗೆ ಮೊದಲು ಅದು ಅಪಚಾರವೆನ್ನಿಸುತ್ತದೆ: ಗಾಳಿ, ಎಂಜಲು, ನಡುವೆ ಯಾರೋ ಬೈದಂತೆ ಒಂದು ಉಸಿರು. ಆದರೆ ಅದೇ ವಾದ್ಯದಲ್ಲಿ 1969ರ ‘ಸ್ಟ್ಯಾಂಡ್ ಅಪ್’ ಆಲ್ಬಮ್ಮಿಗಾಗಿ ಬಾಖ್‌ನ ಬೂರೇ ನೃತ್ಯದ ಧಾಟಿಯನ್ನು ಎತ್ತಿಕೊಂಡು ಅದನ್ನು ಹೇಗೆ ತೂಗಿಸಿದ್ದಾರೆಂದು ಕೇಳಿ. ಅದೇ ವರ್ಷದ ‘ಲಿವಿಂಗ್ ಇನ್ ದ ಪಾಸ್ಟ್’ ಐದು ಎಣಿಕೆಯ ಹಾಡು; ತೊಡೆಯ ಮೇಲೆ ‘ತಕತಕಿಟ’ ಎಂದು ತಟ್ಟುತ್ತಾ ಕೇಳಿದರೆ ಖಂಡ ನಡೆಯೇ. ಅಂಥದ್ದು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿತ್ತೆಂದರೆ ಆ ಕಾಲದ ಕೇಳುಗರಿಗೆ ಕೈ ಮುಗಿಯಬೇಕು.

ಹೊಸ ಆಲ್ಬಮ್ಮಿನಲ್ಲಿ ನಾನು ಮತ್ತೆ ಮತ್ತೆ ಮರಳುವುದು ಎಂಟನೆಯದಾದ ‘ಡ್ರಿಂಕ್ ಫ್ರಮ್ ದ ಸೇಮ್ ವೆಲ್’ಗೆ, ಅಂದರೆ ‘ಅದೇ ಬಾವಿಯ ನೀರು’. ಹದಿನಾರು ನಿಮಿಷ ಮೀರಿದ ಹಾಡು. ಅದರ ಮೂಲ ಸುಮಾರು 2007ರಲ್ಲಿ ಅರ್ಧಕ್ಕೆ ಬಿಟ್ಟ ಒಂದು ವಾದ್ಯಸಂಗೀತದ ಕರಡು. ಆಗಿನ ಕೀಬೋರ್ಡ್ ವಾದಕ ಆಂಡ್ರ್ಯೂ ಗಿಡಿಂಗ್ಸ್ ಅದರಲ್ಲಿದ್ದರು. ಮಾತು ಬರುವ ಮೊದಲು ಕೊಳಲು ಬಹಳ ಹೊತ್ತು ಅವಸರವಿಲ್ಲದೆ ದಾರಿ ಸವೆಸುತ್ತದೆ. ಮಾರ್ಚ್ ಎಂದರೆ ನಮಗೆ ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆಗಾಗಿ ಆಕಾಶ ನೋಡುವ ಕಾಲ. ಆ ವರ್ಷ ಮೊದಲ ಸಲ ಇದನ್ನು ಕೇಳಿದ್ದು ರೊಬಸ್ಟಾ ಗಿಡಗಳಿಗೆ ಸ್ಪ್ರಿಂಕ್ಲರ್ ಹಾಕಿಸುತ್ತಾ, ಪಂಪ್‌ಸೆಟ್ಟಿನ ಶಬ್ದಕ್ಕೆ ಬೆನ್ನು ಹಾಕಿ, ಒಂದೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಜೆಟ್ ಒಂದು ಸುತ್ತು ತಿರುಗಿ ಟಿಕ್ ಟಿಕ್ ಎಂದು ಹಿಂದಿರುಗುವುದಕ್ಕೂ ಕೊಳಲಿನ ಸಾಲು ಮುಗಿಯುವುದಕ್ಕೂ ಒಂದೆರಡು ಸಲ ತಾಳ ಕೂಡಿಬಂತು. ಅವಸರದ ಕೇಳುಗನಿಗೆ ಬರೆದ ಹಾಡಲ್ಲ ಇದು.

ದೋಷಗಳೂ ಇವೆ. ಮೊದಲ ನಾಲ್ಕೈದು ಹಾಡುಗಳ ನಡೆ ಹೆಚ್ಚುಕಡಿಮೆ ಒಂದೇ. 2024ರಲ್ಲಿ ಸೇರಿದ ಗಿಟಾರಿಸ್ಟ್ ಜ್ಯಾಕ್ ಕ್ಲಾರ್ಕ್ ಸೊಗಸಾಗಿಯೇ ನುಡಿಸುತ್ತಾರೆ, ಆದರೆ ಅವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಲಾಗಿದೆ. ಬಾರ್ ಇದ್ದಾಗ ಗಿಟಾರ್ ಕೊಳಲಿನೊಂದಿಗೆ ವಾದಕ್ಕಿಳಿಯುತ್ತಿತ್ತು, ಈಗ ಹೌದೆಂದು ತಲೆಯಾಡಿಸುತ್ತದೆ.

ಇಲ್ಲಿಂದಲೇ ನಿಮ್ಮ ಎರಡನೆಯ ಪ್ರಶ್ನೆ. ನಮ್ಮಲ್ಲಿ ಒಕ್ಕ ಎಂದರೆ ಒಂದು ಮನೆತನ, ಅದರ ಮೂಲಮನೆ ಐನ್‌ಮನೆ. ಹಿರಿಯನಾದ ಪಟ್ಟೆದಾರ ಇಂದು ಒಬ್ಬ, ನಾಳೆ ಇನ್ನೊಬ್ಬ; ಮನೆಯ ಹೆಸರು ಯಾರೊಬ್ಬರದೂ ಅಲ್ಲ, ಆದ್ದರಿಂದಲೇ ಅದು ಉಳಿಯುತ್ತದೆ. ಸದಸ್ಯರು ಬದಲಾದರೇನು, ಮನೆ ಅದೇ ಎಂದು ವಾದಿಸುವ ಅಭಿಮಾನಿಗಳ ಮನಸ್ಸಿನಲ್ಲಿರುವುದು ಇಂಥದೇ ಚಿತ್ರ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಜೆಥ್ರೊ ಟಲ್‌ನ ಪಟ್ಟೆದಾರ ಮೊದಲಿನಿಂದ ಇಂದಿನವರೆಗೆ ಒಬ್ಬರೇ, ಯಾರು ಒಳಗೆ ಯಾರು ಹೊರಗೆ ಎಂದು ನಿರ್ಧರಿಸುವವರೂ ಅವರೇ. 1980ರಲ್ಲಿ ಆಂಡರ್ಸನ್ ಒಬ್ಬರ ಹೆಸರಿನಲ್ಲಿ ಬರಬೇಕಿದ್ದ ಆಲ್ಬಮ್ ರೆಕಾರ್ಡ್ ಕಂಪನಿಯ ಒತ್ತಾಯದಿಂದ ತಂಡದ ಹೆಸರಿನಲ್ಲಿ ಬಂತು, ಹಳೆಯ ಮೂವರು ಆ ಹೊತ್ತಿಗೆ ಮನೆ ಬಿಟ್ಟಾಗಿತ್ತು. 2012 ಮತ್ತು 2014ರಲ್ಲಿ, ಬಾರ್ ಜೊತೆಗಿಲ್ಲದಿದ್ದಾಗ, ಅವರು ತಮ್ಮದೇ ಹೆಸರಿನಲ್ಲಿ ಆಲ್ಬಮ್ ತಂದರು. 2022ಕ್ಕೆ ಮತ್ತೆ ಹಳೆಯ ಹೆಸರನ್ನು ಬಾಗಿಲಿಗೆ ತೂಗುಹಾಕಿದರು. ಒಕ್ಕದ ಹೆಸರನ್ನು ಹೀಗೆ ಬೇಕಾದಾಗ ತೆಗೆದು ಬೇಕಾದಾಗ ಹಾಕಲು ಬರುವುದಿಲ್ಲ.

ಹಾಗೆಂದು ಹೆಸರು ಅವರಿಗೆ ಸಲ್ಲದು ಎಂದೂ ನಾನು ಹೇಳಲಾರೆ. ಸಾಹಿತ್ಯ ಅವರದು, ರಾಗ ಬಹುಪಾಲು ಅವರದು, ಒಂಟಿಕಾಲಲ್ಲಿ ನಿಂತು ಊದುವ ಆ ಭಂಗಿ ಅವರದು. ಬಾರ್ 1969ರಿಂದ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಕೊಟ್ಟದ್ದು ಧ್ವನಿಯ ಅರ್ಧ ಭಾಗವನ್ನು. ಆದ್ದರಿಂದ ನನ್ನ ಲೆಕ್ಕದಲ್ಲಿ ಈಗಿರುವುದು ಜೆಥ್ರೊ ಟಲ್ ಹೌದು, ಆದರೆ ಜೆಥ್ರೊ ಟಲ್‌ನ ಸದ್ದು ಅಲ್ಲ. ಈ ಉತ್ತರಕ್ಕೆ ಎರಡೂ ಬಣದವರು ನನ್ನನ್ನು ಬೈಯುತ್ತಾರೆ, ಬೈಯಲಿ.

ಪರಂಪರೆಯ ಮಾತೆತ್ತಿದರೆ ಎಲ್ಲರೂ 1972ರ ‘ಥಿಕ್ ಆಸ್ ಎ ಬ್ರಿಕ್’ ಎನ್ನುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ರೆಕಾರ್ಡಿನ ಎರಡೂ ಬದಿಗೆ ಹರಡಿದ, ನಲವತ್ತು ನಿಮಿಷ ಮೀರಿದ ಒಂದೇ ಹಾಡು. ಹೊದಿಕೆಯಾಗಿ ಹನ್ನೆರಡು ಪುಟಗಳ ಒಂದು ಕಲ್ಪಿತ ಹಳ್ಳಿ ಪತ್ರಿಕೆ. ಕವಿಯೆಂದು ಇಲ್ಲದ ಶಾಲಾಬಾಲಕನೊಬ್ಬನ ಹೆಸರು. ‘ಆಕ್ವಾಲಂಗ್’ಗೆ ವಿಮರ್ಶಕರು ಬಲವಂತವಾಗಿ ಕಾನ್ಸೆಪ್ಟ್ ಆಲ್ಬಮ್ (ಎಲ್ಲ ಹಾಡುಗಳೂ ಒಂದೇ ವಿಷಯಕ್ಕೆ ಕಟ್ಟುಬಿದ್ದದ್ದು) ಎಂಬ ಪಟ್ಟಿ ಹಚ್ಚಿದ್ದಕ್ಕೆ ಸಿಟ್ಟಾಗಿ ಮಾಡಿದ ಗೇಲಿ ಅದು. ಗೇಲಿಯೇ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಗಿ, ಪ್ರೋಗ್ ರಾಕ್ ಎಂಬ, ಉದ್ದನೆಯ ಜಟಿಲ ರಚನೆಗಳ ರಾಕ್ ಶೈಲಿಯ ಮಾದರಿ ಕೃತಿಯಾಗಿ ಕುಳಿತಿತು. 1989ರಲ್ಲಿ ಹೆವಿ ಮೆಟಲ್ ತಂಡ ಮೆಟಾಲಿಕಾವನ್ನು ಹಿಂದಿಕ್ಕಿ ಹಾರ್ಡ್ ರಾಕ್ ಮತ್ತು ಮೆಟಲ್ ವಿಭಾಗದ ಗ್ರ್ಯಾಮಿ ಗೆದ್ದ ಪ್ರಸಂಗ ತಮಾಷೆಯದು, ಅದಕ್ಕಿಂತ ಹೆಚ್ಚಿನ ತೂಕ ಅದಕ್ಕಿಲ್ಲ.

ಕೊಡಗಿನವನಾಗಿ ನನ್ನ ಶಿಫಾರಸು ಬೇರೆ. 1977ರ ‘ಸಾಂಗ್ಸ್ ಫ್ರಮ್ ದ ವುಡ್’ನಿಂದ ಆರಂಭಿಸಿ. ಕಾಡು, ಕೊಯ್ಲು, ಹಳ್ಳಿಯ ನಂಬಿಕೆಗಳ ಆ ಹಾಡುಗಳನ್ನು ದೇವರಕಾಡಿನ ಪಕ್ಕ ಬೆಳೆದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅನಂತರ 1978ರ ‘ಹೆವಿ ಹಾರ್ಸಸ್’: ಟ್ರಾಕ್ಟರ್ ಬಂದ ಮೇಲೆ ಕೆಲಸವಿಲ್ಲದಾದ ಉಳುವ ಕುದುರೆಗಳ ಹಾಡು. ಗದ್ದೆಗೆ ಟಿಲ್ಲರ್ ಬಂದ ವರ್ಷ ನಮ್ಮ ಮನೆಯ ಕೊನೆಯ ಜೋಡಿ ಎತ್ತು ಕೊಟ್ಟಿಗೆಯಿಂದ ಇಳಿದು ಹೋದದ್ದು ನನಗೆ ನೆನಪಿದೆ, ಅಜ್ಜ ಆ ದಿನ ಅಂಗಳಕ್ಕೆ ಬರಲಿಲ್ಲ.

ಆಮೇಲೆ ‘ಆಕ್ವಾಲಂಗ್’, ‘ಥಿಕ್ ಆಸ್ ಎ ಬ್ರಿಕ್’. ಇವನ್ನೆಲ್ಲ ಮುಗಿಸಿ ಹೊಸದಕ್ಕೆ ಬನ್ನಿ, ಬಂದಾಗ ಎಂಟನೆಯ ಹಾಡಿನಿಂದ ಶುರುಮಾಡಿ ಒಂಬತ್ತನೆಯದನ್ನೂ ಅದರ ಬೆನ್ನಿಗೇ ಕೇಳಿ. ‘ಇಂಟರಿಮ್ ಸ್ಲೀಪ್’ ಎಂಬ ಆ ಕೊನೆಯ ತುಣುಕನ್ನು ಆಂಡರ್ಸನ್ ಹಾಡುವುದಿಲ್ಲ, ಸುಮ್ಮನೆ ಮಾತಿನಲ್ಲಿ ಹೇಳುತ್ತಾರೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಅದನ್ನು ಕೇಳಬೇಡಿ, ಉಸಿರು ಎಲ್ಲಿ ತುಂಡಾಗುತ್ತದೆ ಎಂಬುದೇ ತಿಳಿಯುವುದಿಲ್ಲ.