ತಂಡದಿಂದ ಬಿಡಿಸಿದರೂ ಏರದ ಅಂಕ

(ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಹುಡುಗಿಗೆ 14 ವರ್ಷ, ಒಂಬತ್ತನೇ ತರಗತಿ, ಶಾಲೆಯ ವಾಲಿಬಾಲ್ ತಂಡದಲ್ಲಿ ಸೆಟ್ಟರ್ (ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು). ಗಣಿತದಲ್ಲಿ 71 ಇದ್ದ ಅಂಕ 38ಕ್ಕೆ ಇಳಿದಾಗ ತಂದೆ ತಂಡದಿಂದ ಬಿಡಿಸಿದರು. ಆರು ವಾರದ ನಂತರ ಬಂದದ್ದು 36. "ಈಗ ಆಟವೂ ಇಲ್ಲ, ಓದೂ ಇಲ್ಲ, ಸುಮ್ನೆ ಕೂತಿರ್ತಾಳೆ" ಎಂದು ತಾಯಿ ಸಲಹೆ ಕೇಳಲು ಕರೆತಂದರು.

ಬುದ್ಧಿವಾದಕ್ಕೆ ಮುಂಚೆ ಹಾಜರಿ ಪುಸ್ತಕ ನೋಡಿದ್ದು ಒಳ್ಳೆಯದಾಯಿತು. ಪಂದ್ಯಗಳಿಗೆ ಹೋದಾಗ ತಪ್ಪಿದ್ದು ಏಳು ಗಣಿತದ ಪಿರಿಯಡ್. ಏಳೂ ರೇಖಾತ್ಮಕ ಸಮೀಕರಣದವು. ಹತ್ತು ಲೆಕ್ಕ ಮಾಡಿಸಿದಾಗ ಎಡವುತ್ತಿದ್ದದ್ದು ಒಂದೇ ಕಡೆ: ಆವರಣದ ಮುಂದೆ ಋಣ ಚಿಹ್ನೆ ಇದ್ದರೆ ಒಳಗಿನ ಮೊದಲ ಪದದ ಚಿಹ್ನೆಯನ್ನಷ್ಟೇ ಬದಲಿಸಿ ಎರಡನೆಯದನ್ನು ಹಾಗೇ ಬಿಡುತ್ತಿದ್ದಳು. ಆಮೇಲಿನ ಪಾಠಗಳಿಗೂ ಅದೇ ಬುನಾದಿ. ಆಟ ನಿಲ್ಲಿಸಿದ ಮಾತ್ರಕ್ಕೆ ತಪ್ಪಿದ ಪಾಠ ವಾಪಸ್ ಬರುತ್ತದೆಯೇ? ವಾರಕ್ಕೆ ಬಿಡುವಾದ ಆರು ಗಂಟೆ ಮನೆಗೆಲಸಕ್ಕೆ ಹೋಗಿತ್ತು. ಜೊತೆಗೆ ಗೆಳತಿಯರೂ ದೂರವಾಗಿದ್ದರು.

ತಾಯಿಯನ್ನು ಹೊರಗೆ ಕೂರಿಸಿ ಮಾತಾಡಿದಾಗ ಇನ್ನೊಂದು ಸಂಗತಿ ತಿಳಿಯಿತು. ತಂಡದಲ್ಲಿದ್ದಾಗಲೂ ತಿಂಗಳಿಗೆ ಮೂರ್ನಾಲ್ಕು ದಿನ ಅಭ್ಯಾಸ ತಪ್ಪಿಸುತ್ತಿದ್ದಳು. ತರಬೇತುದಾರರು ಅದನ್ನು 'ಶ್ರದ್ಧೆ ಸಾಲದು' ಎಂದುಕೊಂಡಿದ್ದರು. ನಿಜವಾದ ಕಾರಣ ಮುಟ್ಟಿನ ದಿನಗಳಲ್ಲಿ ಬಿಳಿ ಚಡ್ಡಿ ಮತ್ತು ಚಿಲಕವಿಲ್ಲದ ಶೌಚಾಲಯ. ಹೆಣ್ಣುಮಕ್ಕಳಿಗೆ ಆಸಕ್ತಿಯಿಲ್ಲ ಎನ್ನುವವರು ಮೊದಲು ಚಿಲಕ ನೋಡಬೇಕು.

ಕೊಟ್ಟ ಸಲಹೆ: ತಂಡಕ್ಕೆ ವಾಪಸ್ ಕಳಿಸಿ, ಆದರೆ ಅಭ್ಯಾಸ ವಾರಕ್ಕೆ ನಾಲ್ಕರ ಬದಲು ಮೂರು ದಿನ. ಆರು ವಾರ ಬಿಟ್ಟಿದ್ದರಿಂದ ಮೊದಲ ಎರಡು ವಾರ ಅರ್ಧ ಹೊತ್ತು, ಜಿಗಿತ ಕಡಿಮೆ. ಒಮ್ಮೆಲೇ ಮೊದಲಿನಷ್ಟೇ ಅಭ್ಯಾಸಕ್ಕೆ ಇಳಿದರೆ ಮಂಡಿ ಮತ್ತು ಮೊಣಕಾಲ ಕೆಳಗಿನ ಮೂಳೆ ನೋಯಬಹುದು. ಆಟ ಮುಗಿದು ಮನೆಯವರು ಬರುವವರೆಗೆ ಕಾಯುತ್ತಿದ್ದ 40 ನಿಮಿಷದಲ್ಲಿ 25 ನಿಮಿಷ ತಂಡದ ಹಿರಿಯ ಹುಡುಗಿಯೊಬ್ಬಳಿಂದ ಗಣಿತ. ಪಂದ್ಯದ ದಿನಾಂಕ ಎರಡು ವಾರ ಮುಂಚೆ ತರಗತಿ ಶಿಕ್ಷಕಿಗೆ ತಿಳಿಯಬೇಕು, ತಪ್ಪಿದ ಪಾಠವನ್ನು ಮೂರು ದಿನದೊಳಗೆ ತುಂಬಿಸಿಕೊಡಬೇಕು. ಗಾಢ ಬಣ್ಣದ ಚಡ್ಡಿ, ಅಳತೆಗೆ ಸರಿಯಾದ ಕ್ರೀಡಾ ಒಳಉಡುಪು, ಚೀಲದಲ್ಲಿ ಒಂದು ಜೊತೆ ಹೆಚ್ಚುವರಿ ಬಟ್ಟೆ. ಪ್ಯಾಡ್ ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸುವುದು. ಮುಟ್ಟು ಸತತ ಮೂರು ತಿಂಗಳು ನಿಂತರೆ 'ಆಟದ ದಣಿವು' ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು. ಆಟಕ್ಕೆ ತಕ್ಕಷ್ಟು ಊಟ ಸಿಗದಿದ್ದಾಗಲೂ ಹಾಗಾಗಬಹುದು. ನಿದ್ದೆ ಎಂಟು ಗಂಟೆಗೆ ಕಡಿಮೆಯಾಗಬಾರದು.

ತಂದೆಗೆ ಹೇಳಿದ್ದು ಒಂದೇ: ಎಂಟು ವಾರ ಅಂಕಕ್ಕೂ ಆಟಕ್ಕೂ ಗಂಟು ಹಾಕಬೇಡಿ.

ಮೂರನೇ ವಾರ ಎಡವಟ್ಟಾಯಿತು. ಹಿರಿಯ ಹುಡುಗಿ ತಾನೇ ಲೆಕ್ಕ ಬಿಡಿಸಿ ಕೊಡುತ್ತಿದ್ದಳು, ಇವಳು ನಕಲು ಮಾಡುತ್ತಿದ್ದಳು. ಪೆನ್ಸಿಲ್ ಇವಳ ಕೈಯಲ್ಲೇ ಇರಬೇಕು, ಪ್ರತಿ ಹಂತವನ್ನೂ ಬಾಯಿಬಿಟ್ಟು ಹೇಳಬೇಕು ಎಂದು ಬದಲಿಸಿದ ಮೇಲೆ ಚಿಹ್ನೆಯ ತಪ್ಪು ಅವಳಿಗೇ ಕೇಳಿಸತೊಡಗಿತು.

ಎಂಟನೇ ವಾರಕ್ಕೆ ಅಂಕ 54. ಶಾಲೆಯವರು ಚಿಲಕ ಹಾಕಿಸಿದ್ದಾರೆ, ಕಸದ ಡಬ್ಬಿ ಇನ್ನೂ ಬಂದಿಲ್ಲ. ಹೊರಗೆ ರಾತ್ರಿ ಉಳಿಯುವ ಪಂದ್ಯಕ್ಕೆ ತಂದೆ ಒಪ್ಪಿಲ್ಲ. ಜೊತೆಗೆ ಶಿಕ್ಷಕಿಯೊಬ್ಬರು ಹೋಗುತ್ತಾರೆಯೇ, ಉಳಿಯುವುದೆಲ್ಲಿ ಎಂದು ಅವರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ, ಶಾಲೆಯಿಂದ ಲಿಖಿತ ಉತ್ತರ ಕೇಳಿ ಎಂದು ತಿಳಿಸಲಾಗಿದೆ.